ಬಿಚ್ಚದೆ ಕೊಯ್ದದ್ದು

ಬೈತಖೋಲದ ಶೇವಂತಿ ದುರ್ಗೇಕರ
ರಿಕ್ಷಾದ ಸೀಟಿಗೆ ಹರಿದ ಬಲೆ ಹಾಸಿ
ಮಲಗಿಸಿ ತಂದಳು
ನಲವತ್ತೊಂದು ಕಿಲೋದ ತಾಂಡೇಲನನ್ನು.

ನೌಕಾನೆಲೆಯ ಸಾಹೇಬರೊಬ್ಬರು
ವರ್ಗವಾಗುವಾಗ ಬಿಟ್ಟುಹೋದ ನಾಯಿ.
ಆಗ ಅದು ಬ್ರೂನೋ.
ದೋಣಿಯ ಮೂತಿಯಲ್ಲಿ ನಿಂತು
ಗಾಳಿಗೆ ಬೊಗಳಲು ಕಲಿತ ಮೇಲೆ ತಾಂಡೇಲ.

"ಎರಡು ದಿನ ಆಯ್ತು ಡಾಕ್ಟರ್ ಬಾಯಿ, ತಿಂದದ್ದೆಲ್ಲ ಕಾರ್ತದೆ.
ಸೌಂದಾಳೆ ತಲೆ ಇಟ್ರೂ ಮೂಸುದಿಲ್ಲ."

ವಾಂತಿ, ಸುಸ್ತು, ಊಟ ಬೇಡ.
ಈ ಮೂರು ಯಾವ ರೋಗಕ್ಕಿಲ್ಲ?
ಕೊಳೆತ ಮೀನು ತಿಂದರೂ ಇದೇ,
ಇಲಿಜ್ವರಕ್ಕೂ ಇದೇ, ಯಜಮಾನಿ ಬೈದರೂ ಇದೇ.
ಪಕ್ಕೆಲುಬಿನ ಕೆಳಗೆ ಒತ್ತಿದೆ.
ಕಚ್ಚಲಿಲ್ಲ. ನನ್ನ ಮಣಿಕಟ್ಟನ್ನು ಹಲ್ಲುಗಳ ನಡುವೆ
ಸುಮ್ಮನೆ ಹಿಡಿದುಕೊಂಡಿತು.

ರಕ್ತದ ಚೀಟಿಯಲ್ಲಿ ಬಿಳಿಕಣ ಏರಿತ್ತು, ಕೆಂಪು ಇಳಿದಿತ್ತು,
ಲಿವರಿನ ಕಿಣ್ವಕ್ಕೆ ಯಂತ್ರ ಅಂಕಿಯನ್ನೇ ಕೊಡದೆ
ಮೇಲ್ಮುಖ ಬಾಣವೊಂದನ್ನು ಗೀಚಿತ್ತು.

ನಮ್ಮ ಆಸ್ಪತ್ರೆಯ ಸ್ಕ್ಯಾನು ಎಮ್ಮೆಯ ಗಬ್ಬ ನೋಡುವುದಕ್ಕೆ.
ಹಾಗಾಗಿ ರಾತ್ರಿ ಒಂಬತ್ತೂವರೆ,
ಕೊನೆಯ ಬಸುರಿ ಹೋದ ಮೇಲೆ,
ಕಾಜುಬಾಗದ ಸ್ಕ್ಯಾನ್ ಸೆಂಟರಿನ ಹಿಂಬಾಗಿಲು.
ಚಪ್ಪಲಿ ಹೊರಗೆ ಬಿಡಿ ಎಂದ ಡಾಕ್ಟರ್ ಅರ್ಗೇಕರ
ನಾಲ್ಕು ಪಂಜ ನೋಡಿ ನಕ್ಕ.
ಗೋಡೆಯಲ್ಲಿ ಬೋರ್ಡು:
ಇಲ್ಲಿ ಗಂಡೋ ಹೆಣ್ಣೋ ಹೇಳಲಾಗುವುದಿಲ್ಲ.
"ಗಂಡೇ, ನಂಗೊತ್ತು" ಎಂದಳು ಶೇವಂತಿ.

ಬೋಳಿಸಿದ ಹೊಟ್ಟೆಗೆ ತಣ್ಣನೆ ಜೆಲ್ಲು.
ಪರದೆಯ ಮೇಲೆ ಯಕೃತ್ತಿನ ಎಸಳುಗಳು,
ಅವುಗಳಲ್ಲಿ ಕೆಂಪು, ನೀಲಿ,
ಬರುವ ರಕ್ತ, ಹೋಗುವ ರಕ್ತ,
ಕಾಳಿಯ ಅಳಿವೆಯಲ್ಲಿ ಭರತ ಇಳಿತದ ಹಾಗೆ.
ಎಡಗಡೆಯ ದೊಡ್ಡ ಎಸಳಿಗೆ ಬಂದಾಗ
ಕಪ್ಪು.
ಅಲ್ಲಿ ಏನೂ ಬರುತ್ತಿರಲಿಲ್ಲ. ಹೋಗುತ್ತಲೂ ಇರಲಿಲ್ಲ.

ಇಂಥದ್ದನ್ನು ಓದಿದ್ದೆ. ನೋಡಿರಲಿಲ್ಲ.
ಅದನ್ನು ಅವಳಿಗೆ ಹೇಳಲಿಲ್ಲ.
ಕಲೀಜಾದ ಒಂದು ಎಸಳು ಬುಡದಲ್ಲಿ ತಿರುಚಿದೆ ಎಂದೆ.
"ಕಾಳಿಜಾ?" ಎದೆ ಮುಟ್ಟಿಕೊಂಡಳು.
ಅವಳ ಕೊಂಕಣಿಯಲ್ಲಿ ಕಾಳಿಜ ಅಂದರೆ ಹೃದಯ.
ಆ ಕೈ ಹಿಡಿದು
ನಾಲ್ಕು ಬೆರಳು ಕೆಳಗಿಳಿಸಿದೆ.

ಮೊದಲು ಸಲೈನು, ಆಮೇಲೆ ನಿದ್ದೆ.
ಎರಡು ಸಲ ಕರೆಂಟು ಹೋಯಿತು,
ಕಂಪೌಂಡರ್ ತಿಮ್ಮು ಗೌಡ ಟಾರ್ಚು ಹಿಡಿದ.
ಹೊಟ್ಟೆ ತೆರೆದರೆ ಅದೇ ಮೊದಲು ಮೇಲೆ ಬಂತು,
ಊದಿ, ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿ,
ತನ್ನ ತೊಟ್ಟಿನ ಮೇಲೆ ಒಂದೂವರೆ ಸುತ್ತು.

ನನ್ನ ಎಡಗೈ ತನ್ನಷ್ಟಕ್ಕೆ ಹೊರಟಿತು ಸುತ್ತು ಬಿಡಿಸಲು.
ಸಿಕ್ಕಾದದ್ದನ್ನು ಬಿಡಿಸಬೇಕೆಂದು
ಕೈಗೆ ಹುಟ್ಟಿನಿಂದಲೇ ಗೊತ್ತು.
ಗೊತ್ತಿಲ್ಲದ್ದು ಇಷ್ಟು:
ಒಳಗೆ ನಿಂತ ರಕ್ತ ನಂಜಾಗಿದೆ,
ಸುತ್ತು ಸಡಿಲಿಸಿದ ಗಳಿಗೆ
ಅದು ಮೈಯೆಲ್ಲ ಹರಿಯುತ್ತದೆ.
ಗಂಟು ಈಗ ಗಂಟಲ್ಲ, ಒಡ್ಡು.

ಹಾಗೇ ಬಿಟ್ಟು, ಅದರ ಹಿಂದೆ,
ಜೀವವಿರುವ ಕಡೆ ದಾರ ಬಿಗಿದೆ,
ಇನ್ನೊಂದು ಬಿಗಿದೆ,
ಕೊಯ್ದೆ.
ಟ್ರೇಗೆ ಬಿದ್ದ ಸದ್ದು
ದಕ್ಕೆಯ ಮೇಲೆ ತೊರಕೆಮೀನು ಎಸೆದ ಹಾಗೆ.

ತುಂಡೊಂದು ಬಾಟಲಿಯಲ್ಲಿ ಶಿವಮೊಗ್ಗದ ಬಸ್ಸಿಗೆ, ಪರೀಕ್ಷೆಗೆ.
ಉಳಿದದ್ದನ್ನು ಹೊರಗೆ ತಂದು ತೋರಿಸಿದೆ.
ಬೆಂಚಿನಲ್ಲಿ ಶೇವಂತಿ, ರಿಕ್ಷಾದ ಆ ಬಲೆಯನ್ನೇ
ಮಡಿಲಿಗೆಳೆದು ಹೆಣೆಯುತ್ತಿದ್ದಳು.
"ಬಿಚ್ಚಲಿಕ್ಕೆ ಆಗ್ಲಿಲ್ವಾ?"
ಆಗುತ್ತಿತ್ತು. ಬಿಚ್ಚಿದ್ದರೆ ಸಾಯುತ್ತಿತ್ತೇನೋ.
ಸ್ವಲ್ಪ ಹೊತ್ತು ಸುಮ್ಮನಿದ್ದಳು.
"ಬಲೆ ಫ್ಯಾನಿಗೆ ಸುತ್ಕಂಡ್ರೆ
ನಾವೂ ಬಿಚ್ಚುದಿಲ್ಲ. ಕತ್ತಿ ಹಾಕೂದೇ."
ಮತ್ತೆ ಹೆಣೆಯತೊಡಗಿದಳು.

ಯಾಕೆ ತಿರುಗಿತು ಅಂತ ಈಗಲೂ ಕೇಳುತ್ತಾಳೆ.
ಗಡ್ಡೆಯಲ್ಲ ಎಂದು ಕಾಗದ ಬಂದಿದೆ.
ಅದರಾಚೆಗೆ ನನಗೆ ಗೊತ್ತಿಲ್ಲ,
ನನ್ನ ಪುಸ್ತಕಕ್ಕೂ.
ಕೊಯ್ದಷ್ಟನ್ನು ಲಿವರು ಮತ್ತೆ ತುಂಬಿಕೊಳ್ಳುತ್ತದೆ ಎಂದದ್ದನ್ನು
ಅವಳು ನಂಬಿಲ್ಲ.

ಜುಲೈ. ಮೀನುಗಾರಿಕೆಗೆ ರಜೆ.
ಹಗ್ಗ ಬಿಗಿದ ದೋಣಿಗಳ ಸಾಲಿನಲ್ಲಿ
ಹೊಲಿಗೆಯ ಬೋಳು ಹೊಟ್ಟೆ ಹೊತ್ತು
ಮೂತಿಯಲ್ಲಿ ನಿಂತಿದ್ದಾನೆ ತಾಂಡೇಲ.
ಎಲ್ಲಿಗೂ ಹೋಗದ ದೋಣಿಗೆ
ದಾರಿ ಬೊಗಳುತ್ತಿದ್ದಾನೆ.